ಕಲ್ಲಿನೊಳಗೆ ಬೆಳಕು ಹಾಯಿಸಲು ಕಲಿತದ್ದು: ನನ್ನ ಅನುಭವ

ಚಿತ್ರದುರ್ಗದ ಕಾಲೇಜೊಂದರ ಭೂವಿಜ್ಞಾನ ವಿಭಾಗಕ್ಕೆ ನಾನು ಅಧ್ಯಾಪಕನಾಗಿ ಸೇರಿದಾಗ ಪ್ರಯೋಗಾಲಯದಲ್ಲಿ ನಾಲ್ಕು ಧ್ರುವೀಕರಣ ಸೂಕ್ಷ್ಮದರ್ಶಕಗಳಿದ್ದವು. ಆದರೆ ಅವುಗಳಲ್ಲಿಟ್ಟು ನೋಡಲು ಇದ್ದ, ಬೆಳಕು ಹಾಯುವಷ್ಟು ತೆಳುವಾಗಿ ಕಲ್ಲನ್ನು ತೇಯ್ದು ಗಾಜಿಗೆ ಅಂಟಿಸಿದ ತಿನ್ ಸೆಕ್ಷನ್‌ಗಳೆಲ್ಲವೂ ಎಲ್ಲಿಂದಲೋ ಕೊಂಡು ತಂದವು. ಕಿಟಕಿ ತೆರೆದರೆ ಕೋಟೆಯ ಗ್ರಾನೈಟ್ ಬಂಡೆಗಳು ಕಾಣುತ್ತಿದ್ದರೂ ಆ ಜಾತಿಯ ಕಲ್ಲಿನ ಒಂದು ಸ್ಲೈಡ್ ಕೂಡ ನಮ್ಮಲ್ಲಿರಲಿಲ್ಲ. ಈ ಕೊರತೆಯನ್ನು ನೀಗಿಸಲೇಬೇಕೆಂದು ಸ್ಲೈಡ್ ತಯಾರಿಸುವ ವ್ಯವಸ್ಥೆಯನ್ನು ನಮ್ಮಲ್ಲೇ ಮಾಡಿಕೊಂಡೆವು.

ಕೋಟೆಯ ಬಂಡೆಗಾಗಲಿ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ ಮರಡಿಹಳ್ಳಿಯ ದಿಂಬು ಲಾವಾಕ್ಕಾಗಲಿ (ನೀರಿನಡಿ ಹರಿದು ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ) ಸುತ್ತಿಗೆ ತಾಗಿಸುವಂತಿಲ್ಲ, ತಾಗಿಸಲೂಬಾರದು. ಊರಾಚೆ ಬಾವಿ ತೋಡಿ ಹೊರಹಾಕಿದ ಕಲ್ಲುರಾಶಿಗಳಲ್ಲಿ ನಮಗೆ ಬೇಕಾದಷ್ಟು ಹೊಸ ಗ್ರಾನೈಟ್ ಸಿಕ್ಕಿತು. ಕತ್ತರಿಸಲು ದಾವಣಗೆರೆಯಿಂದ ಟೈಲ್ಸ್ ಕೆಲಸದವರು ಬಳಸುವ, ವಜ್ರದ ಅಂಚಿನ ಬ್ಲೇಡಿಗೆ ನೀರು ಹಾಯುವ ಸಣ್ಣ ಯಂತ್ರವನ್ನು ತಂದೆವು. ಕಲ್ಲನ್ನು ಒಣಗಿದಂತೆಯೇ ಕೊಯ್ದರೆ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ನೀರಿಲ್ಲದೆ ಯಂತ್ರವನ್ನು ಚಾಲೂ ಮಾಡಬಾರದೆಂಬುದು ಮೊದಲ ದಿನದಿಂದಲೇ ನಮ್ಮ ನಿಯಮವಾಯಿತು.

ಕೆಲಸದ ಕ್ರಮ ಹೇಳಲು ಸುಲಭ. ಬೆರಳಗಲದ ಬಿಲ್ಲೆಯೊಂದನ್ನು ಕತ್ತರಿಸಿ, ಅದರ ಒಂದು ಮುಖವನ್ನು ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಂ ಎಂಬ ಗಡಸಾದ ತೇಯುವ ಪುಡಿ ಮತ್ತು ನೀರು ಹಾಕಿ ನುಣುಪಾಗಿಸಬೇಕು. ಆ ಮುಖವನ್ನು ಎಪಾಕ್ಸಿ ಅಂಟಿನಿಂದ ಗಾಜಿನ ಸ್ಲೈಡಿಗೆ ಅಂಟಿಸಿ, ಉಳಿದ ದಪ್ಪವನ್ನು 0.03 ಮಿಲಿಮೀಟರಿಗೆ ಇಳಿಯುವವರೆಗೆ ತೇಯಬೇಕು. ಪುಡಿಯನ್ನು 220ನೇ ನಂಬರಿನಿಂದ ಆರಂಭಿಸಿ 400, 600, 1000 ಎಂದು ಹಂತಹಂತವಾಗಿ ಸಣ್ಣದಾಗಿಸುತ್ತ ಹೋಗುತ್ತೇವೆ.

ನಮ್ಮ ಮೊದಲ ಹನ್ನೆರಡು ಸ್ಲೈಡ್‌ಗಳಲ್ಲಿ ಒಂದೂ ಉಳಿಯಲಿಲ್ಲ. ಬಿಲ್ಲೆಯ ಬಿರುಕುಗಳಲ್ಲಿ ತೇವ ಉಳಿದಿದ್ದರಿಂದ ಅಂಟಿನೊಳಗೆ ಗಾಳಿಗುಳ್ಳೆಗಳು ಕೂತವು; ತೇಯುತ್ತ ಹೋದಂತೆ ಆ ಜಾಗದ ಕಲ್ಲು ಕಿತ್ತುಬಂದಿತು. ಅಂಟಿಸುವ ಮೊದಲು ಬಿಲ್ಲೆಯನ್ನು ಹಾಟ್‌ಪ್ಲೇಟಿನ ಮೇಲೆ ಹದವಾಗಿ ಬಿಸಿಮಾಡಿ ಒಣಗಿಸಲು ತೊಡಗಿದ ಮೇಲೆ ಆ ತೊಂದರೆ ನಿಂತಿತು. ಎರಡನೆಯ ತೊಂದರೆ ಇದಕ್ಕಿಂತ ಸೂಕ್ಷ್ಮವಾದುದು: 220ರ ಪುಡಿಯ ಒಂದೇ ಒಂದು ಕಣ ಬ್ರಷ್ಷಿಗೋ ಉಗುರಿಗೋ ಅಂಟಿ 1000ದ ಹಲಗೆಗೆ ಬಂದರೆ, ಅರ್ಧ ದಿನದ ಕೆಲಸದ ಮೇಲೆ ಉದ್ದನೆಯ ಗೀರು ಬೀಳುತ್ತದೆ. ಆದ್ದರಿಂದ ಪ್ರತಿ ನಂಬರಿಗೂ ಬೇರೆ ಹಲಗೆ, ಬೇರೆ ಮಗ್ಗು, ಬೇರೆ ಬಟ್ಟೆ ಇಟ್ಟಿದ್ದೇವೆ. ನಂಬರು ಬದಲಾದಾಗಲೆಲ್ಲ ಸ್ಲೈಡನ್ನೂ ಕೈಯನ್ನೂ ತೊಳೆಯುತ್ತೇವೆ. ದುಬಾರಿ ಯಂತ್ರಕ್ಕಿಂತ ಈ ಶುಚಿಯೇ ನಮ್ಮ ಸ್ಲೈಡ್‌ಗಳನ್ನು ಉಳಿಸಿತೆಂದು ನಾನು ದೃಢವಾಗಿ ನಂಬಿದ್ದೇನೆ.

ದಪ್ಪವನ್ನು ಅಳೆಯಲು ನಾವು ನೆಚ್ಚಿಕೊಂಡಿರುವುದು ಸ್ಫಟಿಕಶಿಲೆಯ, ಎಂದರೆ ಕ್ವಾರ್ಟ್ಜ್‌ನ ಬಣ್ಣವನ್ನು. ಸೂಕ್ಷ್ಮದರ್ಶಕದಲ್ಲಿ ಕಲ್ಲಿನ ಕೆಳಗೂ ಮೇಲೂ ಇರುವ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡೂ ಧ್ರುವಕಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟು ನೋಡಿದಾಗ ಅದು ಹಳದಿ, ಕಿತ್ತಳೆ ಬಣ್ಣ ತೋರಿದರೆ ಕಲ್ಲು ಇನ್ನೂ ದಪ್ಪವಿದೆಯೆಂದು ಅರ್ಥ. ಬೂದುಬಿಳಿ ಬಣ್ಣಕ್ಕೆ ಇಳಿದು ಎಲ್ಲೋ ಒಂದಿಷ್ಟು ತೆಳುಹಳದಿ ಛಾಯೆಯಷ್ಟೇ ಉಳಿದಾಗ 0.03 ಮಿಲಿಮೀಟರು ಬಂದಂತೆ. ಒಂದು ಅಂಚು ಬೂದು, ಇನ್ನೊಂದು ಅಂಚು ಹಳದಿಯಾಗಿದ್ದರೆ ಬೆರಳಿನ ಒತ್ತಡ ಓರೆಯಾಗಿದೆಯೆಂದು ತಿಳಿದು, ಹಳದಿಯ ಕಡೆ ಒತ್ತು ಕೊಟ್ಟು ಎಂಟರ ಆಕಾರದಲ್ಲಿ ತೇಯಬೇಕು. ಈ ಹಂತದಲ್ಲಿ ಹತ್ತು ಸುತ್ತಿಗೊಮ್ಮೆ ತೊಳೆದು ನೋಡದಿದ್ದರೆ ಕಲ್ಲು ಪೂರ್ತಿ ಸವೆದು ಬರಿಯ ಗಾಜು ಉಳಿಯುತ್ತದೆ.

ನಮ್ಮ ಗ್ರಾನೈಟಿನ ಮೊದಲ ಒಳ್ಳೆಯ ಸ್ಲೈಡಿನಲ್ಲಿ ಮೈಕ್ರೋಕ್ಲೈನ್ ಎಂಬ ಖನಿಜ ಚೌಕಳಿ ಟವೆಲ್ಲಿನ ನೇಯ್ಗೆಯಂತೆ ಕಂಡಿತು. ಸ್ಲೈಡ್ ಇಟ್ಟ ಪೀಠವನ್ನು ತಿರುಗಿಸಿದಂತೆ ಅದರ ಬೂದು ಕಪ್ಪು ಪಟ್ಟಿಗಳು ಒಂದಾದ ಮೇಲೊಂದು ಬೆಳಗಿ ಆರುತ್ತಿದ್ದವು. ಪುಸ್ತಕದ ಚಿತ್ರದಲ್ಲಿ ಅದನ್ನು ಎಷ್ಟೋ ಸಲ ಕಂಡಿದ್ದ ವಿದ್ಯಾರ್ಥಿಗಳು ತಾವೇ ತೇಯ್ದ ಕಲ್ಲಿನಲ್ಲಿ ಅದನ್ನು ನೋಡಲು ಸರದಿ ನಿಂತರು.

ತೇಯ್ದ ಕೆಸರನ್ನು ಸಿಂಕಿಗೆ ಬಿಡುವುದಿಲ್ಲ. ಡ್ರಮ್ಮಿನಲ್ಲಿ ತಂಗಿಸಿ, ಮೇಲಿನ ತಿಳಿನೀರನ್ನು ಮತ್ತೆ ಗರಗಸಕ್ಕೆ ಬಳಸುತ್ತೇವೆ. ಕಾಗದದ ಚೀಟಿ ನೀರಿನಲ್ಲಿ ಬಿಟ್ಟುಹೋಗುವುದರಿಂದ ಪ್ರತಿ ಸ್ಲೈಡಿನ ಅಂಚಿಗೆ ವಜ್ರದ ಮೊನೆಯ ಪೆನ್ನಿನಿಂದ ಸಂಖ್ಯೆ ಕೊರೆಯುತ್ತೇವೆ. ಅದೇ ಸಂಖ್ಯೆಯನ್ನು ಉಳಿದರ್ಧ ಕಲ್ಲಿಗೂ, ಕಲ್ಲು ಸಿಕ್ಕ ಜಾಗವನ್ನು ದಾಖಲಿಸಿದ ಪುಸ್ತಕಕ್ಕೂ ಬರೆದಿಡುತ್ತೇವೆ.