ಹ್ಯಾಚರಿ ಲೆಕ್ಕ: ಒಟ್ಟು ಶೇಕಡಾ ನೋಡಿ ಗಾಬರಿಯಾಗುವ ಮುಂಚೆ

ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡುವ ಹ್ಯಾಚರಿಯಲ್ಲಿ "ಈ ವಾರ ಹ್ಯಾಚ್ ಎಷ್ಟು ಬಂತು?", ಅಂದರೆ ನೂರು ಮೊಟ್ಟೆಗೆ ಎಷ್ಟು ಮರಿ ಬಂತು ಅಂತ ಕೇಳಿದರೆ ಎಲ್ಲರೂ ಒಂದೇ ಸಂಖ್ಯೆ ಹೇಳುತ್ತಾರೆ. 82, 84, 79. ಏರಿದರೆ ಖುಷಿ, ಇಳಿದರೆ ಸೆಟ್ಟರ್ (ಮೊಟ್ಟೆಗೆ ಕಾವು ಕೊಡುವ ಮಷಿನ್) ನೋಡಿಕೊಳ್ಳುವವನಿಗೆ ಬೈಗುಳ. ಆ ಸಂಖ್ಯೆ ಸುಳ್ಳೇನಲ್ಲ. ಆದರೆ ಬೇರೆ ಬೇರೆ ಹಿಂಡು, ಬೇರೆ ಬೇರೆ ವಯಸ್ಸು, ಎರಡು ದಿನದ ಮೊಟ್ಟೆ, ಹತ್ತು ದಿನದ ಮೊಟ್ಟೆ ಎಲ್ಲ ಅದರೊಳಗೆ ಕಲಸುಮೇಲೋಗರ ಆಗಿರುತ್ತವೆ.

ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಹತ್ತಿರ ಎರಡು ಬ್ರೀಡರ್ ಹಿಂಡು (ಮರಿ ಮಾಡುವ ಮೊಟ್ಟೆ ಇಡುವ ಕೋಳಿಗಳು) ಇವೆ ಅಂದುಕೊಳ್ಳಿ. ಎಳೆಯ ಹಿಂಡಿನ ಹ್ಯಾಚ್ ಶೇ. 88, ವಯಸ್ಸಾದದ್ದರದು ಶೇ. 74. ಒಂದು ವಾರ ಎಳೆಯದರಿಂದ 70,000 ಮೊಟ್ಟೆ, ಹಳೆಯದರಿಂದ 30,000 ಇಟ್ಟಿರಿ. ಮರಿ ಬಂದದ್ದು 83,800, ಅಂದರೆ ಶೇ. 83.8. ಮುಂದಿನ ವಾರ ಏನೋ ಕಾರಣಕ್ಕೆ ಎಳೆಯದು 40,000, ಹಳೆಯದು 60,000 ಆಯಿತು. ಈಗ ಬಂದದ್ದು ಶೇ. 79.6. ನಾಲ್ಕು ಪಾಯಿಂಟಿಗಿಂತ ಜಾಸ್ತಿ ಬಿತ್ತು! ಆದರೆ ಯಾವ ಹಿಂಡಿಗೂ ಏನೂ ಆಗಿಲ್ಲ, ಯಾವ ಮಷಿನ್ನೂ ಕೆಟ್ಟಿಲ್ಲ. ಮೊಟ್ಟೆಗಳ ಪಾಲು ಬದಲಾಯಿತು, ಅಷ್ಟೇ. ಇದು ಗೊತ್ತಿಲ್ಲದೆ ಸೆಟ್ಟರಿನ ತಾಪಮಾನ ಬದಲಿಸೋಕೆ ಕೈ ಹಾಕಿದಿರೋ, ಇಲ್ಲದ ತೊಂದರೆಯನ್ನು ಮೈಮೇಲೆ ಎಳೆದುಕೊಂಡ ಹಾಗೆ.

ಬರೆಯುವುದು ಏನನ್ನು

ದಿನಕ್ಕೊಂದು ಸಾಲು ಬರೆದರೆ ಸಾಲದು. ಪ್ರತಿ ಹಿಂಡಿನ ಪ್ರತಿ ಸೆಟ್ಟಿಂಗಿಗೆ, ಅಂದರೆ ಸೆಟ್ಟರಿಗೆ ಮೊಟ್ಟೆ ಹಾಕಿದ ಪ್ರತಿ ಸಲಕ್ಕೆ, ಒಂದೊಂದು ಸಾಲು ಇರಲಿ. ಅದರಲ್ಲಿ ಹಿಂಡಿನ ನಂಬರು, ಮೊಟ್ಟೆ ಇಟ್ಟಾಗ ಕೋಳಿಗೆ ಎಷ್ಟು ವಾರ, ಮೊಟ್ಟೆಯನ್ನು ಎಷ್ಟು ದಿನ ಕೋಲ್ಡ್ ರೂಮಿನಲ್ಲಿ ಇಟ್ಟಿದ್ದಿರಿ, ಸೆಟ್ ಮಾಡಿದ ತಾರೀಕು, ಸೆಟ್ಟರ್ ಮತ್ತು ಹ್ಯಾಚರ್ (ಕೊನೆಗೆ ಮರಿ ಹೊರಬರುವ ಮಷಿನ್) ನಂಬರು, ಸೆಟ್ ಮಾಡಿದ ಮೊಟ್ಟೆ, ಕ್ಯಾಂಡ್ಲಿಂಗಿನಲ್ಲಿ (ಮೊಟ್ಟೆಗೆ ಬೆಳಕು ಹಿಡಿದು ಒಳಗೆ ನೋಡುವುದು) ಖಾಲಿ ಕಂಡದ್ದು, ಮಾರುವಂಥ ಮರಿ, ತೆಗೆದು ಹಾಕಿದ ಮರಿ. ಇಷ್ಟು ಸಾಕು. ಎಕ್ಸೆಲ್ ಆದರೂ ಸರಿ, ಗೆರೆ ಹಾಕಿದ ಪುಸ್ತಕ ಆದರೂ ಸರಿ. ದುಬಾರಿ ಸಾಫ್ಟ್‌ವೇರ್ ಹಾಕಿಸಿ, ಹಿಂಡಿನ ನಂಬರನ್ನೇ ಬಿಟ್ಟು ಡೇಟಾ ತುಂಬುವವರನ್ನು ನಾನು ನೋಡಿದ್ದೇನೆ. ಅದಕ್ಕಿಂತ ಪುಸ್ತಕವೇ ವಾಸಿ.

ಎಲ್ಲರೂ ಎಡವುವುದು ತಾರೀಕಿನಲ್ಲಿ. ಕೋಳಿಮರಿಗೆ 21 ದಿನದ ಕಾವು ಬೇಕು. ಸುಮಾರು 18 ದಿನ ಸೆಟ್ಟರಿನಲ್ಲಿ, ಉಳಿದ 3 ದಿನ ಹ್ಯಾಚರಿನಲ್ಲಿ. ಅದರ ಹಿಂದೆ ಐದು ದಿನ ಕೋಲ್ಡ್ ರೂಮು ಇತ್ತು ಅಂದರೆ ಇವತ್ತು ಹೊರಬಂದ ಮರಿ 26 ದಿನದ ಹಿಂದಿನ ಕಥೆ ಹೇಳುತ್ತಿದೆ. ಇವತ್ತಿನ ಹ್ಯಾಚನ್ನು ಇವತ್ತಿನ ಹವಾಮಾನದ ಜೊತೆ, ನಿನ್ನೆ ಬದಲಾಯಿಸಿದ ಮೇವಿನ ಜೊತೆ ಹೋಲಿಸಿದರೆ ಏನೂ ಅರ್ಥವಾಗುವುದಿಲ್ಲ. ಗ್ರಾಫ್ ಬರೆಯುವಾಗ ಕೆಳಗಿನ ಗೆರೆಯಲ್ಲಿ ಕೋಳಿ ಮೊಟ್ಟೆ ಇಟ್ಟ ವಾರವನ್ನೇ ಹಾಕಿ. ನಾನಂತೂ ಮರಿ ಬಂದ ತಾರೀಕನ್ನು ಡೆಲಿವರಿ ಲೆಕ್ಕಕ್ಕೆ ಮಾತ್ರ ಬಳಸುತ್ತೇನೆ.

ಒಂದರ ಬದಲು ಎರಡು ಸಂಖ್ಯೆ

10,000 ಮೊಟ್ಟೆ ಸೆಟ್ ಮಾಡಿ 8,200 ಮರಿ ಬಂದರೆ ಹ್ಯಾಚಬಿಲಿಟಿ ಶೇ. 82. ಇದು ಎಲ್ಲರಿಗೂ ಗೊತ್ತು. ಆ 10,000ದಲ್ಲಿ ಫರ್ಟೈಲ್ (ಬಂಜೆಯಲ್ಲದ, ಮರಿಯಾಗಬಲ್ಲ ಮೊಟ್ಟೆ) ಇದ್ದದ್ದು 9,400 ಅಂದರೆ, 8,200 ಭಾಗಿಸು 9,400, ಶೇ. 87.2. ಈ ಎರಡನೆಯ ಸಂಖ್ಯೆಯನ್ನು ಪಕ್ಕದಲ್ಲೇ ಬರೆದಿಡಿ. ಹ್ಯಾಚಬಿಲಿಟಿ ಬಿದ್ದು ಎರಡನೆಯದು ಗಟ್ಟಿಯಾಗಿ ನಿಂತಿದ್ದರೆ ಫಾರಂ ಕಡೆ ನೋಡಿ. ಹುಂಜಗಳ ಸಂಖ್ಯೆ, ತೂಕ, ಕಾಲು, ವಯಸ್ಸು. ಎರಡನೆಯದೂ ಬಿದ್ದರೆ ಸ್ಟೋರೇಜು, ಸಾಗಾಣಿಕೆ, ಸೆಟ್ಟರ್, ಹ್ಯಾಚರ್ ಇವುಗಳಲ್ಲಿ ಎಲ್ಲೋ ಏನೋ ಆಗಿರೋ ಸಾಧ್ಯತೆ ಜಾಸ್ತಿ.

ಇಲ್ಲೊಂದು ಬಲೆ ಇದೆ. ಕ್ಯಾಂಡ್ಲಿಂಗಿನಲ್ಲಿ ಖಾಲಿ ಕಂಡದ್ದೆಲ್ಲ ಬಂಜೆ ಮೊಟ್ಟೆ ಅಲ್ಲ. ಮೊದಲ ಒಂದೆರಡು ದಿನದಲ್ಲೇ ಸತ್ತ ಭ್ರೂಣವೂ ಬೆಳಕಿನಲ್ಲಿ ಖಾಲಿಯಾಗಿಯೇ ಕಾಣುತ್ತದೆ. ಅದಕ್ಕೇ ಒಡೆದು ನೋಡಬೇಕು. ಖಾಲಿ ಕಂಡ ಮೊಟ್ಟೆಯನ್ನು ದಪ್ಪ ತುದಿಯಿಂದ ಮೆಲ್ಲಗೆ ಒಡೆದು, ಪೊರೆ ಬಿಡಿಸಿ, ಹಳದಿಯ ಮೇಲೆ ಬೆಳಕು ಬೀಳುವ ಹಾಗೆ ಹಿಡಿಯಿರಿ. ಅಂಚು ಮುರುಕಾದ ಒಂದು ಸಣ್ಣ ಗಟ್ಟಿ ಬಿಳಿ ಚುಕ್ಕೆ ಮಾತ್ರ ಇದ್ದರೆ ಅದು ಬಂಜೆ. ಬಿಳಿ ಉಂಗುರದ ಹಾಗೆ ದುಂಡಗೆ ಹರಡಿಕೊಂಡಿದ್ದರೆ ಫರ್ಟೈಲ್ ಆಗಿತ್ತು, ಆಮೇಲೆ ಸತ್ತಿದೆ. ಮೊದಲ ಐವತ್ತು ಮೊಟ್ಟೆ ಸುಮ್ನೆ ಗೊಂದಲ, ಆಮೇಲೆ ಕಣ್ಣು ಪಳಗುತ್ತದೆ. ಈ ವ್ಯತ್ಯಾಸ ಮಾಡದಿದ್ದರೆ ಕೋಲ್ಡ್ ರೂಮಿನ ತಪ್ಪನ್ನು ಹುಂಜದ ತಲೆಗೆ ಕಟ್ಟುತ್ತೀರಿ.

ಹ್ಯಾಚ್ ಆದ ದಿನ ಒಡೆಯದೆ ಉಳಿದ ಮೊಟ್ಟೆಗಳನ್ನೂ ಹೀಗೇ ನೋಡಿ. ಸತ್ತದ್ದು ಮೊದಲ ವಾರದಲ್ಲೋ, ಎರಡನೇ ವಾರದಲ್ಲೋ, ಕೊನೆಯ ವಾರದಲ್ಲೋ, ಚಿಪ್ಪು ಕುಕ್ಕಿ ಸತ್ತಿತೋ, ಕೊಳೆತದ್ದೋ, ಇಷ್ಟು ವಿಂಗಡಿಸಿದರೆ ಸಾಕು. ಮೊದಲ ವಾರದ ಸಾವು ಜಾಸ್ತಿಯಾದರೆ ಹಳೆಯ ಮೊಟ್ಟೆ, ಒರಟು ಸಾಗಾಣಿಕೆ, ಸೆಟ್ ಮಾಡುವ ಮೊದಲೇ ಬಿಸಿ ತಾಗಿದ್ದು ಹೀಗೆ ಯೋಚಿಸಿ. ಕೊನೆಯ ವಾರದ್ದಾದರೆ ತಾಪಮಾನ, ತೇವಾಂಶ, ಮೊಟ್ಟೆ ತಿರುಗಿಸುವುದು, ಹ್ಯಾಚರಿನ ಗಾಳಿ. ಎರಡನೇ ವಾರದ ಸಾವು ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಅದು ಏರಿದರೆ ತಾಯಿಕೋಳಿಯ ಮೇವನ್ನು, ವಿಟಮಿನ್‌ಗಳನ್ನು ಅನುಮಾನದಿಂದ ನೋಡುವುದು ನನ್ನ ರೂಢಿ.

ಆದರೆ ಒಂದೇ ಟ್ರೇ ಒಡೆದು ತೀರ್ಪು ಕೊಡಬೇಡಿ. 150 ಮೊಟ್ಟೆಯ ಟ್ರೇನಲ್ಲಿ ನಿಜವಾದ ಹ್ಯಾಚ್ ಶೇ. 85 ಇದ್ದರೂ, ಬರೀ ಅದೃಷ್ಟದ ಆಟದಿಂದ 80 ಬರಬಹುದು, 90 ಬರಬಹುದು. ಒಂದು ಹಿಂಡಿಗೆ ಕನಿಷ್ಠ ನಾಲ್ಕು ಟ್ರೇ ತೆಗೆಯಿರಿ. ಮಷಿನ್ನಿನ ಬೇರೆ ಬೇರೆ ಜಾಗದಿಂದ.

ವಯಸ್ಸಿನ ಗೆರೆ

ಬ್ರೀಡರ್ ಕೋಳಿಯ ಹ್ಯಾಚ್ ಜೀವಮಾನವಿಡೀ ಒಂದೇ ಇರುವುದಿಲ್ಲ. ಶುರುವಿನಲ್ಲಿ ಕಡಿಮೆ, 30ರಿಂದ 45 ವಾರದ ನಡುವೆ ಎಲ್ಲೋ ತುತ್ತತುದಿ, ಆಮೇಲೆ ನಿಧಾನ ಇಳಿಕೆ. ಆದ್ದರಿಂದ 58 ವಾರದ ಹಿಂಡು ಕಳೆದ ತಿಂಗಳಿಗಿಂತ ಕಡಿಮೆ ಕೊಟ್ಟಿತು ಅನ್ನುವುದು ಸುದ್ದಿಯೇ ಅಲ್ಲ. ತಳಿ ಕಂಪನಿಗಳು ಕೊಡುವ ವಯಸ್ಸುವಾರು ಪಟ್ಟಿ ತೆಗೆದುಕೊಳ್ಳಿ, ಅಥವಾ ನಿಮ್ಮದೇ ಹಳೆಯ ಹಿಂಡುಗಳ ಸರಾಸರಿ ಹಾಕಿಕೊಳ್ಳಿ. ಎರಡನೆಯದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಅದು ನಿಮ್ಮ ಮಷಿನ್ನು, ನಿಮ್ಮ ಜನ ಮಾಡಿದ್ದು. ಈಗ ಬಂದ ಹ್ಯಾಚಿನಿಂದ ಆ ವಯಸ್ಸಿಗೆ ಬರಬೇಕಾದದ್ದನ್ನು ಕಳೆಯಿರಿ. ಗ್ರಾಫಿನಲ್ಲಿ ಆ ವ್ಯತ್ಯಾಸವನ್ನೇ ಹಾಕಿ. ಪ್ಲಸ್ 1, ಮೈನಸ್ 0.5, ಮೈನಸ್ 3 ಹೀಗೆ. ಎಳೆಯದು, ಹಳೆಯದು ಎಲ್ಲ ಈಗ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಸ್ಟೋರೇಜಿಗೂ ಸ್ವಲ್ಪ ಲೆಕ್ಕ ಬಿಡಿ. ಒಂದು ವಾರ ದಾಟಿದ ಮೇಲೆ ದಿನಕ್ಕೆ ಸುಮಾರು ಅರ್ಧದಿಂದ ಒಂದು ಪಾಯಿಂಟ್ ಹ್ಯಾಚ್ ಕಳೆದುಹೋಗುತ್ತದೆ, ಕಾವಿಗೂ ದಿನಕ್ಕೆ ಒಂದು ಗಂಟೆಯ ಹಾಗೆ ಹೆಚ್ಚು ಸಮಯ ಹಿಡಿಯುತ್ತದೆ. ಆರ್ಡರ್ ಕಡಿಮೆಯಾಗಿ ಮೊಟ್ಟೆ ಕೂಡಿ ಬಿದ್ದ ವಾರದ ಹ್ಯಾಚನ್ನು ಮಾಮೂಲಿ ವಾರದ ಜೊತೆ ಹೋಲಿಸೋದು ನ್ಯಾಯ ಅಲ್ಲ, ಅಲ್ವಾ?

ಯಾವಾಗ ಎದ್ದು ಓಡಬೇಕು? ಒಂದು ಸೆಟ್ಟಿಂಗ್ ಕೆಳಗೆ ಬಿದ್ದರೆ ಗುರುತು ಹಾಕಿ ಸುಮ್ಮನಿರುತ್ತೇನೆ. ಅದೇ ಹಿಂಡು ಸತತ ಮೂರು ಸಲ ಗೆರೆಯ ಕೆಳಗೇ ಇದ್ದರೆ ಫಾರಂಗೆ ಫೋನು. ಎಲ್ಲ ಹಿಂಡುಗಳೂ ಒಂದೇ ವಾರ ಬಿದ್ದರೆ ಫಾರಂ ಬಿಡಿ, ಹ್ಯಾಚರಿಯಲ್ಲೇ ಹುಡುಕಿ.

ಒಮ್ಮೆ ನಮ್ಮಲ್ಲಿ ಒಟ್ಟು ಹ್ಯಾಚ್ ಚೆನ್ನಾಗಿಯೇ ಇತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಸುಮ್ನೆ ಕುತೂಹಲಕ್ಕೆ ಸೆಟ್ಟರ್ ನಂಬರಿನ ಪ್ರಕಾರ ವಿಂಗಡಿಸಿದೆ. ಒಂದು ಸೆಟ್ಟರ್ ಎರಡು ತಿಂಗಳಿಂದ ಉಳಿದವಕ್ಕಿಂತ ಎರಡು ಪಾಯಿಂಟ್ ಕೆಳಗೆ. ಟ್ರಾಲಿಯ ಜಾಗ ಬರೆದು ನೋಡಿದರೆ ಬಾಗಿಲ ಬಳಿಯ ಟ್ರಾಲಿಗಳಲ್ಲಿ ಮಾತ್ರ ಮರಿ ತಡ. ಬಾಗಿಲಿನ ರಬ್ಬರ್ ಒಂದು ಮೂಲೆಯಲ್ಲಿ ಹರಿದು ತಣ್ಣನೆ ಗಾಳಿ ಒಳಗೆ ನುಗ್ಗುತ್ತಿತ್ತು. ಪರದೆ ಮೇಲೆ ತಾಪಮಾನ ಅಷ್ಟು ದಿನವೂ ಸರಿಯಾಗಿಯೇ ತೋರಿಸುತ್ತಿತ್ತು, ಯಾಕೆಂದರೆ ಸೆನ್ಸರ್ ಇದ್ದದ್ದು ಬೇರೆ ಕಡೆ.

ತಕ್ಕಡಿ ಹೇಳುವುದು

ಮರಿ ಎಣಿಸುವುದಕ್ಕಿಂತ ಮೊದಲೇ ಸೂಚನೆ ಕೊಡುವುದು ತೂಕ. ಒಂದೆರಡು ಟ್ರೇ ಗುರುತಿಟ್ಟು, ಸೆಟ್ ಮಾಡುವಾಗ ಒಮ್ಮೆ, 18ನೇ ದಿನ ಒಮ್ಮೆ ತೂಗಿ. ಖಾಲಿ ಟ್ರೇ ತೂಕ ಕಳೆಯಲು ಮರೆಯಬೇಡಿ. 9,000 ಗ್ರಾಂ ಇದ್ದ ಮೊಟ್ಟೆ 7,920ಕ್ಕೆ ಬಂದಿದ್ದರೆ ಶೇ. 12 ಇಳಿದಿದೆ. ಅದು ಸರಿಯಾದ ಜಾಗ, 11ರಿಂದ 13 ಇದ್ದರೆ ನೆಮ್ಮದಿ. ಕಡಿಮೆ ಇಳಿದರೆ ತೇವಾಂಶ ಜಾಸ್ತಿಯಾಗಿದೆ, ಹೆಚ್ಚು ಇಳಿದರೆ ಒಣಗುತ್ತಿದೆ. ಹಾಗೇ ಮರಿ ತೆಗೆದಾಗ ನೂರು ಮರಿ ತೂಗಿ. 60 ಗ್ರಾಂ ಮೊಟ್ಟೆಯ ಮರಿ 40 ಗ್ರಾಂ ಆಸುಪಾಸು, ಅಂದರೆ ಮೊಟ್ಟೆ ತೂಕದ ಶೇ. 67 ಇದ್ದರೆ ಹೊತ್ತಿಗೆ ಸರಿಯಾಗಿ ತೆಗೆದಿದ್ದೀರಿ. ಅದಕ್ಕಿಂತ ತುಂಬಾ ಕಡಿಮೆಯಾದರೆ ಮರಿ ಹ್ಯಾಚರಿನಲ್ಲಿ ಕಾದು ಕಾದು ಬತ್ತಿರುತ್ತವೆ.

ಮುಂದಿನ ಮೂರು ವಾರ

ಇಷ್ಟೆಲ್ಲ ಬರೆದಿಟ್ಟರೆ ಮರಿ ಆರ್ಡರ್ ಒಪ್ಪಿಕೊಳ್ಳುವುದು ಸಲೀಸು. ಇವತ್ತು ಸೆಟ್ ಮಾಡಿದ ಮೊಟ್ಟೆಯನ್ನು ಹಿಂಡುವಾರು ತೆಗೆದುಕೊಂಡು, ಆ ವಯಸ್ಸಿನ ಹ್ಯಾಚ್ ಶೇಕಡಾಕ್ಕೆ ಇತ್ತೀಚಿನ ನಾಲ್ಕು ಸೆಟ್ಟಿಂಗಿನ ಸರಾಸರಿ ವ್ಯತ್ಯಾಸ ಸೇರಿಸಿ, ಅದರಿಂದ ಗುಣಿಸಿ. 21 ದಿನದ ನಂತರದ ಮರಿ ಲೆಕ್ಕ ಸಿಕ್ಕಿತು. ಹತ್ತನೇ ದಿನ ಕ್ಯಾಂಡ್ಲಿಂಗ್ ಮಾಡಿದಾಗ ಖಾಲಿ ಎಣಿಕೆ ನೋಡಿ ಅದನ್ನು ತಿದ್ದಿ. ಕೊರತೆ ಬೀಳುತ್ತದೆ ಅಂತ ಗೊತ್ತಾದರೆ ಗಿರಾಕಿಗೆ ಆಗಲೇ ಹೇಳಿ. ಹತ್ತು ದಿನ ಮುಂಚೆ ಹೇಳಿದರೆ ಅವರು ಶೆಡ್ ತಯಾರಿಯನ್ನಾದರೂ ಮುಂದಕ್ಕೆ ಹಾಕಿಕೊಳ್ಳುತ್ತಾರೆ. ಗಾಡಿ ಹೊರಟ ಮೇಲೆ ಹೇಳಿದರೆ ಫೋನಿನಲ್ಲಿ ಏನು ಕೇಳಬೇಕಾಗುತ್ತದೆ ಅಂತ ಈ ಕೆಲಸದಲ್ಲಿ ಇರುವವರಿಗೆ ಗೊತ್ತೇ ಇದೆ.