ರಬ್ಬರ್ ದೆವ್ವ ಮತ್ತು ದಾಸವಾಳದ ಗೊಂಪು

ನಮ್ಮ ಹೆವಿ ಮೆಟಲ್ ಹಾರರ್ ಕಿರುಚಿತ್ರಕ್ಕೆ ದೆವ್ವ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕತ್ತಲಲ್ಲಿ ಅರ್ಧಂಬರ್ಧ ತೋರಿಸಿ ಬಚಾವಾಗೋಣ ಎಂಬುದು ತಂಡದ ಲೆಕ್ಕಾಚಾರ. ನಾನು ಒಪ್ಪಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ‘ರಾಕ್ ಆ್ಯಂಡ್ ರೋಲ್ ನೈಟ್‌ಮೇರ್’.

1987ರ ಈ ಕೆನಡಾ ಚಿತ್ರದ ನಿರ್ದೇಶಕ ಜಾನ್ ಫಸಾನೊ. ಕಥೆ ಬರೆದು ನಾಯಕನೂ ಆದವನು ಜಾನ್ ಮಿಕ್ಲ್ ಥಾರ್. ದೇಹದಾರ್ಢ್ಯ ಪಟು, ವೇದಿಕೆ ಮೇಲೆ ಬಿಸಿನೀರಿನ ರಬ್ಬರ್ ಚೀಲ ಊದಿ ಒಡೆಯುತ್ತಿದ್ದ ಮೆಟಲ್ ಗಾಯಕ. ಹಾಡು ರೆಕಾರ್ಡ್ ಮಾಡಲು ಬ್ಯಾಂಡೊಂದು ಹಳ್ಳಿಮನೆಗೆ ಬರುತ್ತದೆ, ಒಬ್ಬೊಬ್ಬರೇ ಮಾಯವಾಗುತ್ತಾರೆ. ಶುರುವಿನಲ್ಲಿ ವ್ಯಾನ್ ರಸ್ತೆಯಲ್ಲಿ ಹೋಗುತ್ತದೆ, ಹೋಗುತ್ತಲೇ ಇರುತ್ತದೆ. ಸಿನಿಮಾ ಉದ್ದ ಮಾಡಲು ಪೆಟ್ರೋಲಿಗಿಂತ ಅಗ್ಗದ ದಾರಿ ಯಾವುದಿದೆ! ಕೊನೆಗೆ ಗೊತ್ತಾಗುವುದು: ಬ್ಯಾಂಡಿನವರು ಯಾರೂ ನಿಜವಲ್ಲ, ಸೈತಾನನನ್ನು ಹೊರಗೆಳೆಯಲು ನಾಯಕ ಒಡ್ಡಿದ ಮಾಯೆ, ಅವನೇ ದೇವದೂತ. ಆಮೇಲೆ ಚರ್ಮದ ಚಡ್ಡಿ ತೊಟ್ಟು ರಬ್ಬರ್ ಸೈತಾನನ ಜತೆ ಕಾದಾಟ. ನಕ್ಷತ್ರಮೀನಿನಂಥ ಜೀವಿಗಳು ನಾಯಕನ ಮೈಗೆ ಅಂಟಿದಾಗ, ಅವನ್ನು ಅಲ್ಲಾಡಿಸುತ್ತಿರುವುದು ಅವನದೇ ಕೈ ಎಂದು ಮಕ್ಕಳಿಗೂ ತಿಳಿಯುತ್ತದೆ. ಆದರೂ ‘ಇದೆಲ್ಲ ತಮಾಷೆ ಕಣ್ರೀ’ ಎಂಬ ಭಾವ ಥಾರ್ ಮುಖದಲ್ಲಿ ಒಮ್ಮೆಯೂ ಇಣುಕುವುದಿಲ್ಲ. ಕಳಪೆಯಾಗಿದೆ ಎಂದೇ ಜನ ಇದನ್ನು ಹಚ್ಚಿಕೊಂಡರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೇಕೆಂದೇ ಕಳಪೆ ಮಾಡಿದ ಚಿತ್ರಗಳನ್ನು ಎರಡನೇ ಸಲ ನೋಡುವವರು ಯಾರು?

ಹಾಗಾಗಿ ನಮ್ಮ ದೆವ್ವ ಬೆಳಕಿಗೆ ಬರಲೇಬೇಕಿತ್ತು. ಸುಳ್ಯದ ಕಡೆ ನೆಂಟರ ರಬ್ಬರ್ ತೋಟವಿದ್ದರೂ ಮರದಿಂದ ಇಳಿಸಿದ ಹಾಲು ಇದಕ್ಕೆ ಆಗದು, ಒಣಗಿದರೂ ಅಂಟಂಟು. ಮೊದಲೇ ವಲ್ಕನೈಸ್ ಮಾಡಿದ, ಅಂದರೆ ಗಂಧಕ ಸೇರಿಸಿ ಹದಗೊಳಿಸಿದ ಲ್ಯಾಟೆಕ್ಸ್ (ರಬ್ಬರ್ ಹಾಲು) ಬೇಕು. ಜೇಡಿಮಣ್ಣಿನಲ್ಲಿ ಮುಖ ತಿದ್ದಿ, ಪ್ಲಾಸ್ಟರ್ ಅಚ್ಚು ತೆಗೆದೆ. ಅಚ್ಚಿನೊಳಗೆ ತೆಳುವಾಗಿ ಬಳಿದು, ಒಣಗಿದ ಮೇಲೆ ಮತ್ತೊಂದು ಪದರ. ದವಡೆ, ಕಿವಿಯ ಸಂದುಗಳಲ್ಲಿ ಹರಿಯದಂತೆ ನಡುವೆ ಮಲ್ ಬಟ್ಟೆಯ ತುಂಡು. ಪ್ಲಾಸ್ಟರ್ ನೀರು ಹೀರುವುದರಿಂದ ಪದರ ಬೇಗ ಕೂರುತ್ತದೆ. ಅಮೋನಿಯಾ ವಾಸನೆಗೆ ಕಿಟಕಿಗಳೆಲ್ಲ ತೆರೆದಿರಲಿ. ಬಿಡಿಸುವಾಗ ಒಳಗೂ ಹೊರಗೂ ಟಾಲ್ಕಮ್ ಪೌಡರ್ ಉದುರಿಸಿ, ಇಲ್ಲವಾದರೆ ಮುಖ ತನಗೆ ತಾನೇ ಅಂಟಿಕೊಂಡು ಹಾಳು. ಬಣ್ಣಕ್ಕೆ ಅಕ್ರಿಲಿಕ್ ಅನ್ನು ಲ್ಯಾಟೆಕ್ಸ್‌ಗೇ ಕಲಸಿದೆ. ಮೇಲೆ ಬರೀ ಅಕ್ರಿಲಿಕ್ ಬಳಿದರೆ ಬಾಯಿ ತೆರೆದೊಡನೆ ಬಿರುಕು ಬಿಡುತ್ತದೆ.

ಬಾಯಿಂದ ಸುರಿಯುವ ಲೋಳೆಗೆ ಅಜ್ಜಿ ತಲೆಗೆ ಹಚ್ಚುತ್ತಿದ್ದ ದಾಸವಾಳದ ಎಲೆಯ ಗೊಂಪು. ಸೋಸಿದ್ದು, ತಣ್ಣಗೆ, ನೂಲುನೂಲಾಗಿ ಇಳಿಯುತ್ತದೆ. ನಟರ ಮೈಮೇಲೆ ಬಿದ್ದರೂ ಉರಿಯಿಲ್ಲ, ಪುಕ್ಕಟೆ ಕೇಶಸಂಸ್ಕಾರ ಬೇರೆ.

ಸಣ್ಣ ಬೊಂಬೆ ಚಕಚಕನೆ ಅಲ್ಲಾಡಿದರೆ ಆಟಿಕೆಯೇ. ಸೆಕೆಂಡಿಗೆ 48 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿದಾಗ ತಲೆಗೆ ತೂಕ ಬಂತು. ದೆವ್ವದ ದನಿ ನಮ್ಮ ಗಾಯಕನದೇ ಗ್ರೌಲ್ (ಗಂಟಲಿನಿಂದ ಗುರುಗುಟ್ಟುವ ಮೆಟಲ್ ಗಾಯನ), ವೇಗ ಇಳಿಸಿದ್ದು. ಅದರಡಿ ಡ್ರಾಪ್ ಡಿ ಟ್ಯೂನಿಂಗ್‌ನ, ಅಂದರೆ ದಪ್ಪ ತಂತಿಯ ಶ್ರುತಿಯನ್ನು ‘ಡಿ’ಗೆ ಇಳಿಸಿದ ಗಿಟಾರ್‌ನ ಒಂದೇ ತಂತಿ. ನಟರಿಗೆ ಹೇಳಿದ್ದು ಇಷ್ಟೇ: ಬೊಂಬೆ ನೋಡಿ ನಗು ಬಂದರೆ ಶಾಟ್ ಮುಗಿದ ಮೇಲೆ ನಗಿ.