ಎರಿ ಮಣ್ಣಿಗೆ ಭತ್ತದ ಹೊಟ್ಟಿನ ಬೂದಿ: ಒಂದು ಅಂಗಳದ ಕೆಲಸ

ಶಹಾಪುರದ ಹತ್ತಿರ ನನ್ನ ಸೋದರಮಾವನ ಮನೆಯ ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿಸಿದವನು ನಾನೇ. ಅಡಿಯಲ್ಲಿದ್ದದ್ದು ಎರಿ, ಅಂದರೆ ನೀರು ಕುಡಿದರೆ ಉಬ್ಬಿ ಒಣಗಿದರೆ ಕುಗ್ಗುವ ಕಪ್ಪು ಜಿಗುಟು ಮಣ್ಣು. ಒಂದೇ ಮಳೆಗಾಲಕ್ಕೆ ಕಲ್ಲು ಅಲ್ಲಲ್ಲಿ ಎದ್ದವು. ಬೇಸಿಗೆಗೆ ಅವೇ ಕಲ್ಲಿನ ಕೆಳಗೆ ಬೆರಳು ತೂರುವಷ್ಟು ಸಂದು. "ಎರಿ ಮ್ಯಾಲ ಏನ್ ಹಾಕಿದ್ರೂ ಇಷ್ಟೇ ಬಿಡಪ್ಪ" ಎಂದರು ಮಾವ. ಆ ಮಾತು ನನಗೆ ನಾಟಿತು.

ಎರಿ ತೆಗೆದು ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತುಂಬೋಣವೆಂದರೆ ಅದನ್ನು ದೂರದಿಂದ ತರಬೇಕು. ಆದರೆ ನಾರಾಯಣಪುರ ಎಡದಂಡೆ ಕಾಲುವೆಯ ನೀರಿಗೆ ಇಲ್ಲಿ ಭತ್ತ ಬೆಳೆಯುತ್ತದೆ, ರೈಸ್ ಮಿಲ್ಲಿನ ಹಿಂದೆ ಹೊಟ್ಟಿನ ಬೂದಿ ಗುಡ್ಡೆ ಬಿದ್ದಿರುತ್ತದೆ. ಅದರ ಬಹುಪಾಲು ಸಿಲಿಕಾ, ಮರಳಿನಲ್ಲಿರುವ ವಸ್ತುವೇ.

ಮೊದಲು ಹಿತ್ತಲ ಮೂಲೆಯಲ್ಲಿ ಬರೀ ಬೂದಿ ಬೆರೆಸಿ ನೋಡಿದೆ. ಒಣಗಿದಾಗ ಗಟ್ಟಿ ಅನಿಸಿತು. ನಾಲ್ಕು ದಿನ ನೀರು ನಿಲ್ಲಿಸಿದೆ, ಹಿಮ್ಮಡಿ ಇಳಿಯಿತು. ಬೂದಿ ತಾನಾಗಿ ಹಿಡಿಯುವುದಿಲ್ಲ. ಸುಣ್ಣ, ತೇವ ಎರಡೂ ಸಿಕ್ಕರೆ ಅದರ ಸಿಲಿಕಾ ಸಿಮೆಂಟಿನಂತೆ ಬಿಗಿಯುತ್ತದೆ. ಎರಿಯ ಜಿಗುಟು ಮುರಿಯುವುದೂ ಸುಣ್ಣವೇ.

ಬೂದಿಯ ಬಣ್ಣ ನೋಡಿ ತರಬೇಕು. ಕಪ್ಪಗಿದ್ದರೆ ಇದ್ದಿಲು ಉಳಿದಿದೆ ಎಂದರ್ಥ. 500ರಿಂದ 700 ಡಿಗ್ರಿ ಕಾವಿನಲ್ಲಿ ಸುಟ್ಟದ್ದು ಒಳ್ಳೆಯದು. ಕಾವು ತೀರಾ ಹೆಚ್ಚಾದರೆ ಸಿಲಿಕಾ ಹರಳುಗಟ್ಟಿ ಸುಣ್ಣದ ಜೊತೆ ಸರಿಯಾಗಿ ಕೂಡುವುದಿಲ್ಲ. ನಾನು ತಿಳಿಬೂದು ಬಣ್ಣದ್ದನ್ನೇ ಆರಿಸಿ ಜರಡಿ ಹಿಡಿಸಿದೆ.

ಫರಸಿ ಎತ್ತಿಸಿ ಅಡಿಯ ಎರಿ ಅಗೆದೆವು. 20 ಸೆಂ.ಮೀ. ದಪ್ಪಕ್ಕೆ ಒಂದು ಚದರ ಮೀಟರಿಗೆ ಸುಮಾರು 300 ಕಿಲೋ ಒಣಮಣ್ಣು. ಅದಕ್ಕೆ ಅರಳಿಸಿದ ಸುಣ್ಣ ಶೇ. 4, ಅಂದರೆ 12 ಕಿಲೋ, ಬೂದಿ ಶೇ. 10, ಅಂದರೆ 30 ಕಿಲೋ. ಹೆಂಟೆ ಒಡೆಯುವುದರಲ್ಲೇ ಎರಡು ದಿನ ಹೋಯಿತು. ಅರ್ಧ ಸುಣ್ಣ ಬೆರೆಸಿ, ನೀರು ಚಿಮುಕಿಸಿ, ರಾತ್ರಿ ತಾಡಪತ್ರಿ ಮುಚ್ಚಿಟ್ಟೆವು. ಬೆಳಿಗ್ಗೆ ನೋಡಿದರೆ ಕಾಲಿಗೆ ಮೆತ್ತುತ್ತಿದ್ದ ಎರಿ ಜೋಳದ ನುಚ್ಚಿನಂತೆ ಉದುರಾಗಿತ್ತು! ಎಷ್ಟು ಖುಷಿಯಾಯಿತೆಂದರೆ ಮಾವನನ್ನು ಕರೆದು ಅವರ ಕೈಗೇ ಸುರಿದೆ.

ಆಮೇಲೆ ಉಳಿದ ಸುಣ್ಣ, ಬೂದಿ. ಬೂದಿ ನೀರು ಬಹಳ ಕುಡಿಯುತ್ತದೆ. ಮುಷ್ಟಿ ಹಿಡಿದರೆ ಉಂಡೆ ಆಗಬೇಕು, ಅಂಗೈ ಒದ್ದೆ ಆಗಬಾರದು. ಎರಡು ಪದರ ಮಾಡಿ ರೋಲರ್ ಹೊಡೆಸಿ, ಏಳು ದಿನ ಗೋಣಿತಟ್ಟು ತೋಯಿಸಿಟ್ಟೆವು. ಸುಣ್ಣ ಎರಚುವವರಿಗೆ ಕನ್ನಡಕ, ಕೈಗವಸು ಕೊಡದೆ ಕೆಲಸ ಶುರು ಮಾಡಬೇಡಿ.

ಮಣ್ಣು ಎಷ್ಟು ಉಬ್ಬುತ್ತದೆ ಎಂಬ ಪರೀಕ್ಷೆ ಸುಲಭ: ಜರಡಿ ಹಿಡಿದ 10 ಗ್ರಾಂ ಮಣ್ಣು ಸೀಮೆಎಣ್ಣೆಯ ಅಳತೆಗಾಜಿಗೆ, ಇನ್ನು 10 ಗ್ರಾಂ ನೀರಿನದಕ್ಕೆ, 24 ತಾಸು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಅದಕ್ಕೆ ಹೋಲಿಸಿ ನೋಡಬೇಕು. ಬರೀ ಎರಿ ನೀರಿನಲ್ಲಿ ಹೆಚ್ಚುಕಡಿಮೆ ಇಮ್ಮಡಿ ಉಬ್ಬಿತ್ತು, ಬೆರೆಸಿದ್ದು ಸ್ವಲ್ಪವೇ.

ಅಂಗಳ ಎರಡು ಮಳೆಗಾಲ ಕಂಡಿದೆ. ಬಚ್ಚಲ ಬದಿಯ ಎರಡು ಕಲ್ಲು ಮಾತ್ರ ಎದ್ದಿವೆ. ಅಲ್ಲಿ ನೀರು ಅಡಿಯ ಎರಿಗೇ ಇಳಿಯುತ್ತದೆ. ಈ ಬೇಸಿಗೆಗೆ ಅಲ್ಲೊಂದು ಪೈಪ್ ಹಾಕಿಸುತ್ತಿದ್ದೇನೆ.